ಅಲೆಕ್ಸ್ ಲೆಮನೇಡ್ ಸ್ಟ್ಯಾಂಡ್: ಶರಬತ್ತಿನ ಸ್ಟಾಲ್ ಹಾಕುವವರಿಗೊಂದು ವಿಮರ್ಶೆ

ಅಮೆರಿಕದಲ್ಲಿ ಜೂನ್ ಬಂತೆಂದರೆ ಕನ್ನಡ ಕೂಟಗಳಿಗೆ ಪಿಕ್ನಿಕ್ ಕಾಲ. ಅಲೆಕ್ಸ್ ಲೆಮನೇಡ್ ಸ್ಟ್ಯಾಂಡ್ ಫೌಂಡೇಶನ್‌ನವರ 'ಲೆಮನೇಡ್ ಡೇಸ್' ಬರುವುದೂ ಇದೇ ತಿಂಗಳಲ್ಲೇ. ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಬೇಕು ಅನ್ನುವವರು ಯಾರೇ ಆಗಲಿ, ಹೆಸರು ನೋಂದಾಯಿಸಿ, ಮನೆ ಮುಂದೋ ಪಾರ್ಕಿನಲ್ಲೋ ಒಂದು ಮೇಜು ಹಾಕಿ, ನಿಂಬೆ ಶರಬತ್ತು ಕೊಟ್ಟು ದೇಣಿಗೆ ಎತ್ತಬಹುದು. ವ್ಯವಸ್ಥೆ ಚೆನ್ನಾಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಇದನ್ನು ಶರಬತ್ತು ಮಾರುವ ಕಾರ್ಯಕ್ರಮ ಅಂದುಕೊಂಡು ಹೋದವರ ಕೈಗೆ ಸಂಜೆ ಹೊತ್ತಿಗೆ ಹತ್ತುವುದು ಸಕ್ಕರೆಯ ಅಂಟು ಮಾತ್ರ. ಹಣ ಬರುವ ದಾರಿ ಬೇರೆಯೇ ಇದೆ.

ಹಿನ್ನೆಲೆ ಚುಟುಕಾಗಿ: ಅಲೆಕ್ಸಾಂಡ್ರಾ ಸ್ಕಾಟ್ ಎಂಬ ಹುಡುಗಿಗೆ ಒಂದು ವರ್ಷ ತುಂಬುವ ಮೊದಲೇ ನ್ಯೂರೋಬ್ಲಾಸ್ಟೋಮಾ ಕಾಣಿಸಿಕೊಂಡಿತು. ನರಜಾಲದ ಎಳೆ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಅದು. 2000ದಲ್ಲಿ, ನಾಲ್ಕನೆಯ ವಯಸ್ಸಿನಲ್ಲಿ, ಆಕೆ ಕನೆಕ್ಟಿಕಟ್‌ನ ತನ್ನ ಮನೆ ಮುಂದೆ ಮೊದಲ ಸ್ಟಾಲ್ ಹಾಕಿದಳು. ಬಂದದ್ದು ಸುಮಾರು 2,000 ಡಾಲರ್. 2004ರ ಆಗಸ್ಟ್ 1ರಂದು, ಎಂಟನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವಳ ಹೆಸರಿನಲ್ಲಿ ಸೇರಿದ್ದು 10 ಲಕ್ಷ ಡಾಲರಿಗೂ ಮಿಕ್ಕಿ. 2005ರಲ್ಲಿ ತಂದೆತಾಯಿ ಲಿಜ್ ಮತ್ತು ಜೇ ಸ್ಕಾಟ್ ಅದನ್ನು ಫೌಂಡೇಶನ್ ಆಗಿ ಕಟ್ಟಿದರು. ಈಗ ಅದು ಫಿಲಡೆಲ್ಫಿಯಾ ಪಕ್ಕದಿಂದ ನಡೆಯುತ್ತದೆ. ಒಟ್ಟು ಸಂಗ್ರಹ 30 ಕೋಟಿ ಡಾಲರ್ ದಾಟಿದೆ, ಕೊಟ್ಟ ಅನುದಾನಗಳು ಸಾವಿರ ದಾಟಿವೆ. ಇಷ್ಟೂ ಹಣ ಲೋಟ ಲೋಟವಾಗಿ ಬಂದದ್ದಲ್ಲ. ದೊಡ್ಡ ಕಂಪನಿಗಳ ಪಾಲುದಾರಿಕೆ, ಹೆಸರಾಂತ ಬಾಣಸಿಗರ ಔತಣಕೂಟಗಳು, ಸೆಪ್ಟೆಂಬರಿನಲ್ಲಿ ಓಡಿ, ನಡೆದು, ಸೈಕಲ್ ತುಳಿದು ಹಣ ಎತ್ತುವ 'ಮಿಲಿಯನ್ ಮೈಲ್', ಎಲ್ಲವೂ ಸೇರಿ ಆದದ್ದು.

ನೋಂದಣಿಗೆ ಶುಲ್ಕವಿಲ್ಲ. ಜಾಲತಾಣದಲ್ಲಿ ಸ್ಟಾಲಿನ ಹೆಸರು, ದಿನಾಂಕ, ಊರು, ಗುರಿ ಹಾಕಿರುವ ಮೊತ್ತ ತುಂಬಿದರೆ ನಿಮ್ಮದೇ ಒಂದು ದೇಣಿಗೆ ಪುಟ ಸಿಗುತ್ತದೆ. ಬ್ಯಾನರ್, ಪೋಸ್ಟರ್ ಮುಂತಾದ ಸಾಮಗ್ರಿ ಅಂಚೆಯಲ್ಲಿ ಬರುತ್ತದೆ. ಬ್ಯಾನರ್ ಸಮಯಕ್ಕೆ ಬರಲಿಲ್ಲ ಎಂಬ ಗೊಣಗಾಟ ಪಿಕ್ನಿಕ್‌ಗಳಲ್ಲಿ ಕೇಳುವುದುಂಟು. ಜೂನ್‌ನಲ್ಲಿ ದೇಶದ ಎಲ್ಲ ಮೂಲೆಯಿಂದ ಒಟ್ಟಿಗೇ ಬೇಡಿಕೆ ಹೋದರೆ ಹಾಗಾಗುವುದು ಸಹಜ. ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರದಲ್ಲೇ ನೋಂದಾಯಿಸಿದರೆ ಈ ತಲೆನೋವಿಲ್ಲ. ಇನ್ನೂ ಮುಖ್ಯವಾದ ಲಾಭ ಬೇರೆ ಇದೆ: ಪುಟ ಒಂದು ತಿಂಗಳು ಮೊದಲೇ ತೆರೆದಿದ್ದರೆ ಸ್ಟಾಲ್ ಹಾಕುವ ದಿನಕ್ಕೆ ಅರ್ಧ ಗುರಿ ಮುಟ್ಟಿರುತ್ತದೆ. ಖಾಲಿ ಪುಟಕ್ಕೆ ಮೊದಲ ದೇಣಿಗೆ ಹಾಕಲು ಜನ ಹಿಂದೆಮುಂದೆ ನೋಡುತ್ತಾರೆ. ಆದ್ದರಿಂದ ಸಮಿತಿಯವರೇ ನಾಲ್ಕೈದು ಜನ ಮೊದಲ ದಿನ ಹಾಕಿಬಿಡುವುದು ವಾಡಿಕೆ. ಅದರಲ್ಲಿ ಒಂದಾದರೂ 100 ಡಾಲರಿನದ್ದು ಇರಲಿ, ಉಳಿದವರು ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ.

ಇನ್ನು ಲೆಕ್ಕಕ್ಕೆ ಬರೋಣ. ಲೋಟಕ್ಕೆ 1 ಡಾಲರ್ ಎಂದು ಬೋರ್ಡ್ ಹಾಕಿ 150 ಲೋಟ ಖರ್ಚಾದರೆ ಬರುವುದು 150 ಡಾಲರ್. ನಿಂಬೆಹಣ್ಣು, ಸಕ್ಕರೆ, ಐಸ್, ಲೋಟ ಎಲ್ಲ ಸೇರಿ ಹತ್ತಿರ ಹತ್ತಿರ 80 ಡಾಲರ್ ಆಗುತ್ತದೆ. ಆರು ಜನ ನಾಲ್ಕು ಗಂಟೆ ಬಿಸಿಲಲ್ಲಿ ನಿಂತದ್ದಕ್ಕೆ 70 ಡಾಲರ್! ಅದೇ ಬೋರ್ಡಿನ ಮೇಲೆ ಬೆಲೆ ಬರೆಯದೆ 'ಶರಬತ್ತು ಉಚಿತ, ದೇಣಿಗೆ ನಿಮ್ಮಿಷ್ಟ' ಎಂದು ಬರೆದು, ಪಕ್ಕದಲ್ಲೇ ಪುಟದ ಕ್ಯೂಆರ್ ಕೋಡ್ ಅಂಟಿಸಿ ನೋಡಿ. ಒಂದು ಡಾಲರ್ ಕೊಡಲು ಬಂದವರು ಐದರ ನೋಟು ಹಾಕಿ ಚಿಲ್ಲರೆ ಕೇಳದೆ ಹೋಗುತ್ತಾರೆ. ಇಪ್ಪತ್ತು ಮನೆಯವರು ಫೋನಿನಲ್ಲಿ ತಲಾ 50 ಹಾಕಿದರೂ 1,000 ಡಾಲರ್. ಬೆಲೆ ಬರೆದ ಕ್ಷಣವೇ ಜನರ ತಲೆಯಲ್ಲಿ ಅದು ವ್ಯಾಪಾರವಾಗುತ್ತದೆ, ವ್ಯಾಪಾರದಲ್ಲಿ ಯಾರೂ ಬೆಲೆಗಿಂತ ಹೆಚ್ಚು ಕೊಡುವುದಿಲ್ಲ.

ನಿಜವಾದ ದುಡ್ಡು ಇರುವುದು ಕಂಪನಿಗಳ ಮ್ಯಾಚಿಂಗ್‌ನಲ್ಲಿ. ನಮ್ಮವರು ಕೆಲಸ ಮಾಡುವ ದೊಡ್ಡ ಐಟಿ ಕಂಪನಿಗಳಲ್ಲಿ, ಬ್ಯಾಂಕುಗಳಲ್ಲಿ, ಔಷಧ ಕಂಪನಿಗಳಲ್ಲಿ ಉದ್ಯೋಗಿ ಕೊಟ್ಟಷ್ಟೇ ಹಣವನ್ನು ಕಂಪನಿಯೂ ಸೇರಿಸುವ ಪದ್ಧತಿ ಸಾಮಾನ್ಯ. ಇದಕ್ಕೆ ಬೇಕಾದದ್ದು ಒಂದೇ: ದೇಣಿಗೆ ಕೊಟ್ಟವರ ಹೆಸರಿನಲ್ಲೇ ಫೌಂಡೇಶನ್ ಕೊಟ್ಟ ರಶೀದಿ. ಹುಂಡಿಗೆ ಬಿದ್ದ ನೋಟಿಗೆ ಹೆಸರಿಲ್ಲ, ಹಾಗಾಗಿ ಮ್ಯಾಚಿಂಗ್ ಇಲ್ಲ. ಸಂಘಟಕರ ಸ್ವಂತ ವೆನ್ಮೋ (ಫೋನಿನಲ್ಲೇ ಹಣ ಕಳಿಸುವ ಆ್ಯಪ್) ಖಾತೆಗೆ ಹಾಕಿಸಿಕೊಂಡರಂತೂ ಎರಡು ಕಡೆಯಿಂದಲೂ ಕೆಡುತ್ತದೆ. ಕೊಟ್ಟವರಿಗೆ ರಶೀದಿ ಸಿಗುವುದಿಲ್ಲ; ಸಂಘಟಕರು ಅದನ್ನು ಒಟ್ಟಾಗಿ ಫೌಂಡೇಶನ್‌ಗೆ ಕಳಿಸಿದಾಗ ರಶೀದಿ ಅವರ ಹೆಸರಿಗೆ ಬರುತ್ತದೆ, ಆದರೆ ಅದು ಅವರ ಹಣವಲ್ಲ, ತೆರಿಗೆಯಲ್ಲಿ ಅದನ್ನು ತೋರಿಸಿಕೊಳ್ಳುವ ಹಾಗಿಲ್ಲ. ಕೂಟದ ಖಜಾಂಚಿಗಳು ಈ ಒಂದು ವಿಷಯದಲ್ಲಿ ಮುಲಾಜು ನೋಡಬಾರದು. 'ನಮ್ಮ ಅಕೌಂಟಿಗೇ ಹಾಕಿಬಿಡಿ, ಆಮೇಲೆ ಸೇರಿಸಿ ಕಳಿಸ್ತೀವಿ' ಅನ್ನುವ ಮಾತಿಗೆ ಜಾಗವೇ ಇಲ್ಲ.

ಮ್ಯಾಚಿಂಗ್ ಹಣ ಕಂಪನಿಯಿಂದ ನೇರ ಫೌಂಡೇಶನ್‌ಗೆ ಹೋಗುತ್ತದೆ. ಅದು ತಲುಪಲು ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ, ನಿಮ್ಮ ಪುಟದ ಮೊತ್ತದಲ್ಲಿ ತಾನಾಗಿ ಕಾಣಿಸಿಕೊಳ್ಳದೆಯೂ ಇರಬಹುದು. 'ನಮ್ಮ ಹಣ ಎಲ್ಲಿ ಹೋಯಿತು' ಎಂಬ ಗಾಬರಿ ಶುರುವಾಗುವುದು ಇಲ್ಲೇ. ದೇಣಿಗೆ ಕೊಟ್ಟವರು ತಮ್ಮ ಕಂಪನಿಗೆ ಮ್ಯಾಚಿಂಗ್ ಅರ್ಜಿ ಹಾಕುವಾಗ ಟಿಪ್ಪಣಿಯ ಜಾಗದಲ್ಲಿ ಸ್ಟಾಲಿನ ಹೆಸರು ಬರೆದಿದ್ದರೆ ಫೌಂಡೇಶನ್‌ನವರಿಗೆ ಹೊಂದಿಸಲು ಸುಲಭ. ಕೆಲವು ಕಂಪನಿಗಳಲ್ಲಿ ಕನಿಷ್ಠ ಮೊತ್ತದ ಷರತ್ತು ಇರುತ್ತದೆ, ಬಹುತೇಕ ಕಡೆ ಅರ್ಜಿಗೆ ಕೊನೆಯ ದಿನಾಂಕ ಇರುತ್ತದೆ. ಪಿಕ್ನಿಕ್ ಮುಗಿದ ವಾರದೊಳಗೆ ಎಲ್ಲರಿಗೂ ನೆನಪೋಲೆ ಕಳಿಸಿ. ದೀಪಾವಳಿ ಬಂದ ಮೇಲೆ ಜೂನ್ ತಿಂಗಳ ರಶೀದಿ ಹುಡುಕಿಕೊಡಿ ಎಂದರೆ ಯಾರೂ ಹುಡುಕುವುದಿಲ್ಲ.

ನಗದು ಪೂರ್ತಿ ಬೇಡವೆಂದಲ್ಲ. ಪಾರ್ಕಿನಲ್ಲಿ ಅಡ್ಡಾಡಲು ಬಂದ ಅಪರಿಚಿತರು, ಅಜ್ಜ ಅಜ್ಜಿಯರು, ಜೇಬುಖರ್ಚಿನ ನಾಣ್ಯ ತರುವ ಮಕ್ಕಳು ಹುಂಡಿಗೇ ಹಾಕುವುದು. ಹುಂಡಿ ಪಾರದರ್ಶಕವಾಗಿರಲಿ, ಮುಚ್ಚಳಕ್ಕೆ ಟೇಪು ಸುತ್ತಿರಲಿ, ಗಾಳಿಗೆ ಉರುಳದಂತೆ ಒಂದು ಕಲ್ಲೋ ಮರಳಿನ ಚೀಲವೋ ಒಳಗಿರಲಿ. ಬೆಲೆ ಬೋರ್ಡ್ ಇಲ್ಲದಿದ್ದರೂ ಚಿಲ್ಲರೆ ಕೇಳುವವರು ಇದ್ದೇ ಇರುತ್ತಾರೆ: ಒಂದರ 20 ನೋಟು, ಐದರ 4 ನೋಟು ಬೇರೆ ಡಬ್ಬಿಯಲ್ಲಿ ಇಟ್ಟು, ಆ 40 ಡಾಲರನ್ನು ಮೊದಲೇ ಚೀಟಿಯಲ್ಲಿ ಬರೆದಿಡಿ. ಎಣಿಸುವಾಗ ಇಬ್ಬರಿರಬೇಕು, ಅವರಿಬ್ಬರೂ ಒಂದೇ ಮನೆಯವರಾಗಿರಬಾರದು. ಎಣಿಸಿದ ಚೀಟಿಗೆ ಇಬ್ಬರ ಸಹಿ, ಪಕ್ಕದಲ್ಲಿ ಹಣ ಇಟ್ಟು ಒಂದು ಫೋಟೊ. ಖರ್ಚಿನ 80 ಡಾಲರನ್ನು ಹುಂಡಿಯಿಂದಲೇ ತೆಗೆದುಕೊಳ್ಳುವ ಅಭ್ಯಾಸ ಬೇಡ. ಅದಕ್ಕೆ ಮುಂಚಿತವಾಗಿಯೇ ಒಬ್ಬರು ಪ್ರಾಯೋಜಕರನ್ನು ಹಿಡಿಯಿರಿ. 'ನೀವು ಹಾಕಿದ ಪ್ರತಿ ಪೈಸೆಯೂ ಹೋಗುತ್ತದೆ' ಎಂದು ಧೈರ್ಯವಾಗಿ ಹೇಳಬಹುದಾದರೆ ಹುಂಡಿ ಬೇಗ ತುಂಬುತ್ತದೆ. ಚೆಕ್ ಕೊಡುವವರು ಫೌಂಡೇಶನ್ ಹೆಸರಿಗೇ ಬರೆಯಬೇಕು, ಕೆಳಗಿನ ಟಿಪ್ಪಣಿ ಗೆರೆಯಲ್ಲಿ ಸ್ಟಾಲಿನ ಹೆಸರು ಇರಬೇಕು. ನಗದನ್ನು ಅಂಚೆಯಲ್ಲಿ ಹಾಕಬೇಡಿ. ಬ್ಯಾಂಕಿಗೆ ಕಟ್ಟಿ ಚೆಕ್ ಕಳಿಸಿ.

ರಾಫಲ್ (ಬಹುಮಾನಕ್ಕೆ ಚೀಟಿ ಎತ್ತುವ ಲಾಟರಿ) ಟಿಕೆಟ್ ಇಡುವ ಉತ್ಸಾಹ ಕೂಟಗಳಲ್ಲಿ ಜಾಸ್ತಿ. ರಾಫಲ್‌ಗೆ ಅನೇಕ ರಾಜ್ಯಗಳಲ್ಲಿ ಲೈಸೆನ್ಸ್ ಬೇಕು. ಟಿಕೆಟಿನ ಹಣ ತೆರಿಗೆ ಲೆಕ್ಕದಲ್ಲಿ ದೇಣಿಗೆಯೂ ಅಲ್ಲ. ಬಿಟ್ಟುಬಿಡುವುದೇ ಲೇಸು.

ತೆರಿಗೆಯ ಮಾತು ಬಂದದ್ದಕ್ಕೆ: 250 ಡಾಲರ್ ಅಥವಾ ಅದಕ್ಕೆ ಮೇಲ್ಪಟ್ಟ ಒಂದೊಂದು ದೇಣಿಗೆಗೂ ಫೌಂಡೇಶನ್‌ನ ಲಿಖಿತ ರಶೀದಿ ಕಡ್ಡಾಯ, ಬ್ಯಾಂಕಿನ ಸ್ಟೇಟ್‌ಮೆಂಟ್ ಒಂದೇ ಸಾಲದು. ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸದೆ ಎಲ್ಲರಿಗೂ ಇರುವ ನಿಗದಿತ ಕಡಿತ (ಸ್ಟ್ಯಾಂಡರ್ಡ್ ಡಿಡಕ್ಷನ್) ತೆಗೆದುಕೊಳ್ಳುವ ಬಹುಪಾಲು ಜನರಿಗೆ 2022ರಿಂದ 2025ರವರೆಗೆ ದೇಣಿಗೆಯಿಂದ ತೆರಿಗೆಯಲ್ಲಿ ಲಾಭವಿರಲಿಲ್ಲ. 2026ರ ತೆರಿಗೆ ವರ್ಷದಿಂದ ಅಂಥವರೂ ಹಣದ ರೂಪದಲ್ಲಿ ಕೊಟ್ಟ ದೇಣಿಗೆಗೆ ಒಬ್ಬರಾದರೆ 1,000, ದಂಪತಿ ಒಟ್ಟಿಗೆ ಸಲ್ಲಿಸಿದರೆ 2,000 ಡಾಲರ್‌ವರೆಗೆ ಕಳೆಯಬಹುದು. ಇದನ್ನು ಬೋರ್ಡಿನ ಮೂಲೆಯಲ್ಲಿ ಒಂದು ಸಾಲು ಬರೆದರೆ ಕೆಲಸಕ್ಕೆ ಬರುತ್ತದೆ.

ಈಗ ಶರಬತ್ತು. ಹಣ ಬೇರೆ ದಾರಿಯಲ್ಲಿ ಬಂದರೂ ಜನರನ್ನು ಮೇಜಿನ ಹತ್ತಿರ ಎಳೆಯುವುದು ಇದೇ, ನೀರುನೀರಾಗಿದ್ದರೆ ಯಾರೂ ನಿಲ್ಲುವುದಿಲ್ಲ. ಒಂದು ಗ್ಯಾಲನ್‌ಗೆ, ಅಂದರೆ ಸುಮಾರು 3.8 ಲೀಟರಿಗೆ, ಅಲ್ಲಿನ ದಪ್ಪ ಹಳದಿ ನಿಂಬೆಹಣ್ಣು 11-12 ಬೇಕು; ರಸ ಹೆಚ್ಚುಕಡಿಮೆ ಅರ್ಧ ಲೀಟರ್ ಬರುತ್ತದೆ. ಸಕ್ಕರೆ 350 ಗ್ರಾಂ, ಉಪ್ಪು ಅರ್ಧ ಚಮಚ. ಸಕ್ಕರೆಯನ್ನು ತಣ್ಣೀರಿಗೆ ಸುರಿದು ಕಲಕುತ್ತಾ ಕೂರಬೇಡಿ. ಅದು ತಳದಲ್ಲೇ ಕೂತು ಮೊದಲ ಐವತ್ತು ಲೋಟ ಹುಳಿ, ಕೊನೆಯ ಇಪ್ಪತ್ತು ಲೋಟ ಪಾಕ ಆಗುತ್ತದೆ. ಸಕ್ಕರೆಯಷ್ಟೇ ನೀರು ಹಾಕಿ ಹಿಂದಿನ ರಾತ್ರಿ ಕುದಿಸಿ, ಕರಗಿದ ಕೂಡಲೇ ಇಳಿಸಿ ಆರಿಸಿಡಿ. ರಸವನ್ನು ಆದಷ್ಟು ಅಂದು ಬೆಳಿಗ್ಗೆಯೇ ಹಿಂಡಿ. ಬೀಜ, ಒಳಗಿನ ಬಿಳಿ ಸಿಪ್ಪೆ ಜಜ್ಜಿಹೋಗುವ ಹಾಗೆ ಯಂತ್ರಕ್ಕೆ ಹಾಕಿ ಹಿಂಡಿದ ರಸ ಇಟ್ಟಷ್ಟೂ ಕಹಿಯಾಗುತ್ತದೆ. ಹಣ್ಣನ್ನು ಹಿಂಡುವ ಮುಂಚೆ ಮೇಜಿನ ಮೇಲೆ ಅಂಗೈಯಲ್ಲಿ ಒತ್ತಿ ಉರುಳಿಸಿದರೆ ರಸ ಸಲೀಸಾಗಿ ಬರುತ್ತದೆ, ಇದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವುದೇ.

9 ಔನ್ಸ್ ಲೋಟದಲ್ಲಿ ಮೂರನೇ ಒಂದು ಭಾಗ ಐಸ್ ಹಾಕಿದರೆ ಒಂದು ಗ್ಯಾಲನ್ 22ರಿಂದ 24 ಲೋಟಕ್ಕೆ ಬರುತ್ತದೆ. 150 ಲೋಟಕ್ಕೆ 7 ಗ್ಯಾಲನ್ ಮಾಡಿಕೊಳ್ಳಿ, ಅಂದರೆ 80-85 ಹಣ್ಣು, ಎರಡೂವರೆ ಕಿಲೋ ಸಕ್ಕರೆ. ಐಸ್ ಲೋಟಗಳಿಗೇ 35 ಪೌಂಡ್, ಕೂಲರ್ ತಂಪಾಗಿಡಲು ಬೇರೆ 20 ಪೌಂಡ್. ಎರಡನ್ನೂ ಬೆರೆಸಬೇಡಿ. ಬಾಟಲಿ, ಕ್ಯಾನು ಹೂತಿಟ್ಟ ಕೂಲರಿನ ಐಸನ್ನೇ ಲೋಟಕ್ಕೆ ಹಾಕುವುದು, ಲೋಟದಲ್ಲೇ ಐಸ್ ಮೊಗೆಯುವುದು ಆರೋಗ್ಯ ಇಲಾಖೆಯವರು ಬಂದರೆ ಮೊದಲು ಹಿಡಿಯುವ ತಪ್ಪು. ಹಿಡಿ ಇರುವ ಸೌಟು ಬೇಕು, ಅದನ್ನು ಐಸಿನೊಳಗೇ ಬಿಟ್ಟಿರಬಾರದು. ನಿಂಬೆ ಶರಬತ್ತು ಬಹಳ ಹುಳಿ, ಅದರಲ್ಲಿ ರೋಗಾಣು ಸುಲಭಕ್ಕೆ ಬೆಳೆಯುವುದಿಲ್ಲ. ಹೊಟ್ಟೆ ಕೆಡುವುದಾದರೆ ಕೈಯಿಂದ, ಐಸಿನಿಂದ.

ಪಾತ್ರೆಯ ವಿಷಯದಲ್ಲಿ ನಮ್ಮವರಿಗೊಂದು ಎಚ್ಚರಿಕೆ. ನೋಡಲು ಚೆಂದ ಎಂದು ತಾಮ್ರದ ಹಂಡೆ, ಹಿತ್ತಾಳೆ ಕೊಳಗ ತಂದು ಅದರಲ್ಲಿ ಶರಬತ್ತು ತುಂಬಿಸಬೇಡಿ. ಒಳಗೆ ಕಲಾಯಿ ಸವೆದಿದ್ದರಂತೂ ನಿಂಬೆಯ ಹುಳಿಗೆ ತಾಮ್ರ ಕರಗಿ ಬರುತ್ತದೆ, ವಾಕರಿಕೆ ಖಂಡಿತ. ಅಲ್ಯೂಮಿನಿಯಂ ಕೂಡ ಬೇಡ. ಸ್ಟೀಲ್ ಅಥವಾ ನಲ್ಲಿ ಇರುವ ಫುಡ್ ಗ್ರೇಡ್ ಪ್ಲಾಸ್ಟಿಕ್ ಡಬ್ಬ. ಹಂಡೆಯನ್ನು ಪಕ್ಕದಲ್ಲಿ ಹೂ ಇಟ್ಟು ನಿಲ್ಲಿಸಿ, ಯಾರು ಬೇಡ ಅಂದರು.

ಶರಬತ್ತಿನ ಜತೆ ರಾಮನವಮಿಯ ಪಾನಕ ಇಟ್ಟರೆ ಅಕ್ಕಪಕ್ಕದ ಸ್ಟಾಲಿನವರೂ ರುಚಿ ನೋಡಲು ಬರುತ್ತಾರೆ. ಒಂದು ಲೀಟರ್ ನೀರಿಗೆ 150 ಗ್ರಾಂ ಬೆಲ್ಲ, ಅರ್ಧ ಚಮಚ ಶುಂಠಿ ಪುಡಿ, ನಾಲ್ಕು ಏಲಕ್ಕಿ, ಕಾಲು ಚಮಚ ಮೆಣಸಿನ ಪುಡಿ, ಒಂದು ನಿಂಬೆಯ ರಸ, ಚಿಟಿಕೆ ಉಪ್ಪು. ಮೆಣಸು ಎಂದರೆ ಕಾಳುಮೆಣಸು, ಹೊಸದಾಗಿ ಅಡುಗೆ ಕಲಿತವರು ಗಮನಿಸಿ. ಬೆಲ್ಲ ಕರಗಿಸಿ ಬಟ್ಟೆಯಲ್ಲಿ ಸೋಸಲೇಬೇಕು, ಮರಳು ಇರುತ್ತದೆ. ಮೆಣಸು ತಳ ಸೇರುವುದರಿಂದ ಆಗಾಗ ಕಲಕದಿದ್ದರೆ ಕೊನೆಯ ಲೋಟ ಸಿಕ್ಕ ಪಾಪದ ಮಗು ಕೆಮ್ಮುತ್ತಾ ಓಡುತ್ತದೆ. ಚಿಕ್ಕವರಿಗೆಂದು ಮೆಣಸಿಲ್ಲದ ಡಬ್ಬ ಬೇರೆ ಇಡಿ. ಬಿಸಿಲಲ್ಲಿ ಬೆಲ್ಲದ ಪಾನಕ ಬೇಗ ಹುಳಿಯುತ್ತದೆ, ಒಮ್ಮೆಗೆ ಎರಡು ಗ್ಯಾಲನ್ ಮೀರಿ ಹೊರಗಿಡಬೇಡಿ. ಚುರುಮುರಿಯ ಆಸೆಗೆ ಮಾತ್ರ ಬೀಳಬೇಡಿ. ಹೆಚ್ಚಿದ ಟೊಮೆಟೊ ಬಂದ ಕೂಡಲೇ ಅದು 41 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಡಬೇಕಾದ ಆಹಾರದ ಪಟ್ಟಿಗೆ ಸೇರುತ್ತದೆ, ಪರವಾನಗಿಯ ದರ್ಜೆಯೇ ಬದಲಾಗುತ್ತದೆ.

ಪರವಾನಗಿ ಎಂದರೆ ರಾಜ್ಯಕ್ಕೊಂದು ನೀತಿ. ಮಕ್ಕಳು ತಾವೇ ಮನೆ ಮುಂದೆ ಶರಬತ್ತು ಮಾರಿದರೆ ಪರವಾನಗಿ ಬೇಡ ಎಂದು ಯೂಟಾ 2017ರಲ್ಲಿ, ಟೆಕ್ಸಾಸ್ 2019ರಲ್ಲಿ ಕಾನೂನು ಮಾಡಿದವು. ಬೇರೆ ರಾಜ್ಯಗಳೂ ಹಿಂಬಾಲಿಸಿವೆ. ಆದರೆ ದೊಡ್ಡವರ ಸಂಘವೊಂದು ಸಾರ್ವಜನಿಕ ಪಾರ್ಕಿನಲ್ಲಿ ಹಾಕುವ ಸ್ಟಾಲಿಗೆ ಆ ರಿಯಾಯಿತಿ ಅನ್ವಯಿಸುತ್ತದೆ ಎಂದು ನಂಬಿಕೊಂಡು ಕೂರಬಾರದು. ಪಾರ್ಕ್ ಇಲಾಖೆಯ ಅನುಮತಿ ಒಂದು, ಕೌಂಟಿ ಆರೋಗ್ಯ ಇಲಾಖೆಯ ತಾತ್ಕಾಲಿಕ ಆಹಾರ ಪರವಾನಗಿ ಇನ್ನೊಂದು, ವಿಮೆಯ ಪತ್ರ ಮತ್ತೊಂದು ಕೇಳಬಹುದು. 'ಉಚಿತವಾಗಿ ಕೊಡುತ್ತಿದ್ದೇವೆ' ಎಂಬ ಮಾತು ಮಾರಾಟ ತೆರಿಗೆಯ ಪ್ರಶ್ನೆಗೆ ಉತ್ತರವಾದೀತು, ಆರೋಗ್ಯ ಇಲಾಖೆಗೆ ಎಲ್ಲ ಕಡೆ ಉತ್ತರವಾಗುವುದಿಲ್ಲ. ಕೈ ತೊಳೆಯುವ ವ್ಯವಸ್ಥೆ ಹೇಗಿದ್ದರೂ ಇರಲಿ: ನಲ್ಲಿ ಇರುವ 5 ಗ್ಯಾಲನ್ ನೀರಿನ ಡಬ್ಬ, ಕೆಳಗೆ ಬಕೆಟ್, ಸೋಪು, ಪೇಪರ್ ಟವೆಲ್. ಸ್ಯಾನಿಟೈಸರ್ ಬಾಟಲಿ ಇದಕ್ಕೆ ಬದಲಿಯಲ್ಲ.

ಕ್ಯೂಆರ್ ಕೋಡನ್ನು ಅಂಗೈ ಅಗಲಕ್ಕಿಂತ ದೊಡ್ಡದಾಗಿ, ಹೊಳಪಿಲ್ಲದ ಕಾಗದದಲ್ಲಿ ಮುದ್ರಿಸಿ. ಹೊಳೆಯುವ ಲ್ಯಾಮಿನೇಷನ್ ಮಧ್ಯಾಹ್ನದ ಬಿಸಿಲಿಗೆ ಕನ್ನಡಿಯಾಗಿ ಫೋನು ಓದುವುದೇ ಇಲ್ಲ. ಮುದ್ರಿಸುವ ಮೊದಲು ಬೇರೆ ಬೇರೆ ಫೋನಿನಲ್ಲಿ ತೆರೆದು, ಅದು ಫೌಂಡೇಶನ್‌ನ ಮುಖಪುಟಕ್ಕೆ ಹೋಗದೆ ನಿಮ್ಮ ಸ್ಟಾಲಿನ ಪುಟಕ್ಕೇ ಹೋಗುತ್ತದೆಯೇ ನೋಡಿ. ಸಿಗ್ನಲ್ ಸಿಗದ ಪಾರ್ಕಾದರೆ ಪುಟದ ವಿಳಾಸವನ್ನು ಚೀಟಿಯಲ್ಲಿ ಮುದ್ರಿಸಿ ಲೋಟದ ಜತೆ ಕೊಡಿ; ರಾತ್ರಿ ಮನೆಗೆ ಹೋಗಿ ಹಾಕುವವರು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು.

ಬೋರ್ಡಿನ ಮೇಲೆ ಏನು ಬರೆಯಬೇಕು ಎಂಬುದರಲ್ಲೂ ಹುಷಾರಾಗಿರಬೇಕು. 'ಸರ್ಕಾರದ ಕ್ಯಾನ್ಸರ್ ಸಂಶೋಧನೆಯ ಹಣದಲ್ಲಿ ಮಕ್ಕಳಿಗೆ ಶೇ. 4 ಮಾತ್ರ' ಎಂಬ ಘೋಷಣೆ ಅಮೆರಿಕದಲ್ಲಿ ಎಲ್ಲೆಲ್ಲೂ ಕಾಣುತ್ತದೆ. ಅದು ಸರ್ಕಾರಿ ಸಂಸ್ಥೆಯಾದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನ ಬಜೆಟ್‌ನಲ್ಲಿ ಮಕ್ಕಳ ಕ್ಯಾನ್ಸರ್ ಎಂದು ಸ್ಪಷ್ಟವಾಗಿ ಗುರುತಿಸಿದ ಯೋಜನೆಗಳ ಲೆಕ್ಕ. ಜೀವಕೋಶ ಹೇಗೆ ಕೆಡುತ್ತದೆ ಎಂಬಂಥ ಮೂಲ ಸಂಶೋಧನೆಯನ್ನು ಯಾವ ವಯಸ್ಸಿನ ಖಾತೆಗೂ ಹಾಕಲಾಗದು, ಆದರೆ ಅದರ ಫಲ ಮಕ್ಕಳಿಗೂ ಸಿಗುತ್ತದೆ. ಕೂಟದಲ್ಲಿ ವೈದ್ಯರು, ವಿಜ್ಞಾನಿಗಳು ಬೇಕಾದಷ್ಟು ಜನ ಇರುತ್ತಾರೆ. ಯಾರಾದರೂ ಒಬ್ಬರು ಕೇಳಿದರೆ ತಡವರಿಸಬೇಕಾಗುತ್ತದೆ. ಅದಕ್ಕಿಂತ ಗಟ್ಟಿಯಾದ ಮಾತು ಇದೆ: ಅಮೆರಿಕದಲ್ಲಿ 20 ವರ್ಷದೊಳಗಿನವರಲ್ಲಿ ವರ್ಷಕ್ಕೆ ಸುಮಾರು 15,000 ಹೊಸ ಪ್ರಕರಣಗಳು. ಒಂದೊಂದು ಬಗೆಯ ಕ್ಯಾನ್ಸರಿಗೆ ಹಂಚಿದರೆ ಕೆಲವಕ್ಕೆ ಕೆಲವೇ ನೂರು ಮಕ್ಕಳು. ಇಷ್ಟು ಚಿಕ್ಕ ಮಾರುಕಟ್ಟೆಗೆ ಔಷಧ ಕಂಪನಿಗಳು ತಾವಾಗಿ ಬರುವುದು ಅಪರೂಪ. ಒಟ್ಟಾರೆ ಐದು ವರ್ಷ ಬದುಕುಳಿಯುವವರು ಶೇ. 85ರಷ್ಟು ಇದ್ದರೂ, ಮಿದುಳುಕಾಂಡದಲ್ಲಿ ಹರಡುವ ಡಿಐಪಿಜಿ ಎಂಬ ಗೆಡ್ಡೆ ಬಂದ ಹೆಚ್ಚಿನ ಮಕ್ಕಳು ಒಂದು ವರ್ಷ ದಾಟುವುದಿಲ್ಲ. ಈ ಎರಡು ಸಂಗತಿ ಪಕ್ಕಪಕ್ಕ ಬರೆದರೆ ಸಾಕು.

ಕೊಟ್ಟ ಹಣ ಏನಾಗುತ್ತದೆ ಎಂಬ ಪ್ರಶ್ನೆಗೆ ಈ ಫೌಂಡೇಶನ್ ಬಳಿ ಉತ್ತರವಿದೆ, ನಮ್ಮ ಮಟ್ಟಿಗೆ ಅದರ ದೊಡ್ಡ ಗುಣ ಇದೇ. ವಿಜ್ಞಾನಿಗಳು ಅರ್ಜಿ ಹಾಕುತ್ತಾರೆ, ಅದೇ ಕ್ಷೇತ್ರದ ತಜ್ಞರು ತೂಗಿನೋಡಿ ಆರಿಸುತ್ತಾರೆ. ವಿದ್ಯಾರ್ಥಿಗಳಿಗೆ ಬೇಸಿಗೆ ತರಬೇತಿ, ವೃತ್ತಿಯ ಆರಂಭದಲ್ಲಿರುವ ಸಂಶೋಧಕರಿಗೆ ಯಂಗ್ ಇನ್ವೆಸ್ಟಿಗೇಟರ್ ಅನುದಾನ, ಗುಣವಾಗದ ಕ್ಯಾನ್ಸರ್‌ಗಳಿಗೆ ಕೈಹಾಕುವ ದೊಡ್ಡ ತಂಡಗಳಿಗೆ 'ಕ್ರೇಜಿ 8'. ಇವುಗಳಲ್ಲಿ ಸಣ್ಣ ಅನುದಾನಗಳು ಹೆಪ್ಪಿನ ಹಾಗೆ ಕೆಲಸ ಮಾಡುತ್ತವೆ: ಮೊದಲ ಪ್ರಯೋಗದ ಫಲಿತಾಂಶ ಕೈಯಲ್ಲಿದ್ದರೆ ಮಾತ್ರ ಸರ್ಕಾರದ ದೊಡ್ಡ ಹಣ ಕೇಳಲು ಸಾಧ್ಯ. ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆಯ ಯಾಯೆಲ್ ಮೊಸ್ಸೆ ಈ ಫೌಂಡೇಶನ್‌ನ ಅನುದಾನ ಪಡೆದವರು. ವಂಶಪಾರಂಪರ್ಯವಾಗಿ ಬರುವ ನ್ಯೂರೋಬ್ಲಾಸ್ಟೋಮಾದ ಹಿಂದೆ ಎಎಲ್‌ಕೆ ಎಂಬ ಜೀನಿನ ದೋಷವಿದೆ ಎಂದು ಅವರ ತಂಡ 2008ರಲ್ಲಿ ತೋರಿಸಿತು. ದೊಡ್ಡವರ ಶ್ವಾಸಕೋಶದ ಕ್ಯಾನ್ಸರಿಗೆ ಬಳಸುತ್ತಿದ್ದ ಕ್ರಿಜೋಟಿನಿಬ್ ಮಾತ್ರೆ ಇದೇ ಎಎಲ್‌ಕೆ ಮೇಲೆ ಕೆಲಸ ಮಾಡುವಂಥದ್ದು. ಮಕ್ಕಳ ಮೇಲಿನ ಪರೀಕ್ಷೆಗಳ ನಂತರ 2021ರ ಜನವರಿಯಲ್ಲಿ ಇದೇ ಜೀನಿನ ದೋಷವಿರುವ ಒಂದು ಬಗೆಯ ಲಿಂಫೋಮಾಕ್ಕೆ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್) ಮಕ್ಕಳಿಗೂ ಅದನ್ನು ಕೊಡಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿತು. ಜೀನಿನ ಸುಳಿವಿನಿಂದ ಮಾತ್ರೆಯವರೆಗೆ ಹನ್ನೆರಡು ವರ್ಷದ ದಾರಿ. ಈ ವರ್ಷ ಹಾಕಿದ ಸ್ಟಾಲಿನ ಫಲ ಮುಂದಿನ ವರ್ಷ ಕೇಳುವವರಿಗೆ ಇದನ್ನು ಮೊದಲೇ ಹೇಳಿಬಿಡಿ. 2017ರಲ್ಲಿ ಶುರುವಾದ ಚೈಲ್ಡ್‌ಹುಡ್ ಕ್ಯಾನ್ಸರ್ ಡೇಟಾ ಲ್ಯಾಬ್ ಇನ್ನೊಂದು ಒಳ್ಳೆಯ ಕೆಲಸ: ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಚದುರಿದ ಜೀನ್ ಮಾಹಿತಿಯನ್ನು ಒಂದೇ ಅಚ್ಚಿಗೆ ತಂದು ಯಾರಿಗೂ ಉಚಿತವಾಗಿ ಸಿಗುವಂತೆ ಇಟ್ಟಿದ್ದಾರೆ. ಬೆಂಗಳೂರಿನಲ್ಲಿ ಕೂತ ಸಂಶೋಧಕರೂ ಅದನ್ನು ಬಳಸಬಹುದು.

ಹೆಸರು ನೋಡಿ ಹಣ ಕೊಡುವ ಕಾಲ ಇದಲ್ಲ. 2015ರ ಮೇ ತಿಂಗಳಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಮತ್ತು 50 ರಾಜ್ಯಗಳೂ ಸೇರಿ ನಾಲ್ಕು ಕ್ಯಾನ್ಸರ್ ಸಂಸ್ಥೆಗಳ ಮೇಲೆ ಮೊಕದ್ದಮೆ ಹೂಡಿದವು. ದಾನಿಗಳಿಂದ ಎತ್ತಿದ 18.7 ಕೋಟಿ ಡಾಲರಿನಲ್ಲಿ ಬಹುಪಾಲು ರೋಗಿಗಳನ್ನು ತಲುಪಲೇ ಇಲ್ಲ ಎಂಬುದು ಆರೋಪ. ಅವುಗಳಲ್ಲಿ ಒಂದರ ಹೆಸರು ಚಿಲ್ಡ್ರನ್ಸ್ ಕ್ಯಾನ್ಸರ್ ಫಂಡ್ ಆಫ್ ಅಮೆರಿಕ. ಕೇಳಿದರೆ ಯಾರಿಗೂ ಅನುಮಾನ ಬರದ ಹೆಸರು. ಪರೀಕ್ಷಿಸುವುದು ಕಷ್ಟವೇನಲ್ಲ. ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ತಾಣದಲ್ಲಿ ಸಂಸ್ಥೆಯ ವಾರ್ಷಿಕ ಲೆಕ್ಕಪತ್ರ, ಅಂದರೆ ಫಾರಂ 990, ತೆರೆಯಿರಿ. ಭಾಗ 9ರಲ್ಲಿ ಒಟ್ಟು ಖರ್ಚಿನ ಪಕ್ಕದಲ್ಲಿ ಅದು ಮೂರು ಕಂಬಗಳಲ್ಲಿ ಹಂಚಿರುತ್ತದೆ: ಉದ್ದೇಶಿತ ಕೆಲಸ, ಆಡಳಿತ, ಹಣ ಎತ್ತುವ ಖರ್ಚು. ಆದರೆ ಉದ್ದೇಶಿತ ಕೆಲಸದ ಕಂಬದ ಮೊತ್ತ ದೊಡ್ಡದಿದೆ ಎಂದಷ್ಟಕ್ಕೇ ಸಮಾಧಾನಪಡಬೇಡಿ. ಹಣ ಕೇಳುವ ಪತ್ರದಲ್ಲೇ ನಾಲ್ಕು ಸಾಲು ಆರೋಗ್ಯ ಸಲಹೆ ಸೇರಿಸಿ, ಅಂಚೆಯ ಖರ್ಚಿನ ಒಂದು ಭಾಗವನ್ನು 'ಜನಜಾಗೃತಿ' ಎಂದು ಅಲ್ಲಿ ತೋರಿಸಲು ಲೆಕ್ಕದ ನಿಯಮದಲ್ಲಿ ಅವಕಾಶವಿದೆ. ಆದ್ದರಿಂದ ಅದೇ ಫಾರಂನ ಶೆಡ್ಯೂಲ್ ಐ (I) ನೋಡಿ. ಯಾವ ಆಸ್ಪತ್ರೆಗೆ, ಯಾವ ವಿಶ್ವವಿದ್ಯಾಲಯಕ್ಕೆ ಎಷ್ಟು ಹೋಯಿತು ಎಂಬುದು ಸಾಲುಸಾಲಾಗಿ ಇರುತ್ತದೆ. ಸಂಶೋಧನೆಗೆ ಹಣ ಹಂಚುತ್ತೇವೆ ಅನ್ನುವ ಸಂಸ್ಥೆಯಲ್ಲಿ ಆ ಪಟ್ಟಿ ಉದ್ದವಿರಬೇಕು.

ಕೊರತೆಗಳೂ ಇವೆ. ನಿಮ್ಮೂರಿನ ಆಸ್ಪತ್ರೆಗೇ ಹೋಗಲಿ ಎಂದು ಬಯಸುವವರಿಗೆ ಇದು ಸರಿಹೊಂದುವುದಿಲ್ಲ. ಎಲ್ಲಿಯ ವಿಜ್ಞಾನ ಚೆನ್ನಾಗಿದೆಯೋ ಅಲ್ಲಿಗೆ ಹಣ ಹೋಗುತ್ತದೆ. ಪರಿಚಿತ ಕುಟುಂಬದ ಆಸ್ಪತ್ರೆ ಬಿಲ್ಲಿಗೆ ನೆರವಾಗಬೇಕೆಂದರೆ ಇದು ದಾರಿಯಲ್ಲ. ದೂರದ ಆಸ್ಪತ್ರೆಗೆ ಹೋಗುವ ಕುಟುಂಬಗಳಿಗೆ ಪ್ರಯಾಣದ ನೆರವು ಕೊಡುವ ಕಾರ್ಯಕ್ರಮ ಇದೆಯಾದರೂ ಮುಖ್ಯ ಕಸುಬು ಸಂಶೋಧನೆಯೇ. ಮೆಂಫಿಸ್‌ನ ಸೇಂಟ್ ಜೂಡ್ ಜತೆ ಇದನ್ನು ಹೋಲಿಸುವವರೂ ಇದ್ದಾರೆ. ಅದು 1962ರಲ್ಲಿ ಶುರುವಾದ ಆಸ್ಪತ್ರೆ, ಚಿಕಿತ್ಸೆಗೆ ಕುಟುಂಬಕ್ಕೆ ಬಿಲ್ ಕಳಿಸುವುದಿಲ್ಲ, ಸಂಶೋಧನೆಯೂ ಅದೇ ಸೂರಿನಡಿ ನಡೆಯುತ್ತದೆ. ಎರಡರ ಶೇಕಡಾವಾರು ಖರ್ಚನ್ನು ಪಕ್ಕಪಕ್ಕ ಇಟ್ಟು ಜಗಳವಾಡುವುದರಲ್ಲಿ ಅರ್ಥವಿಲ್ಲ.

ಶರಬತ್ತಿನ ತಾಪತ್ರಯ ಬೇಡ ಅನ್ನುವವರಿಗೆ, ತಲೆ ಬೋಳಿಸಿಕೊಂಡು ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಹಣ ಎತ್ತುವ ಸೇಂಟ್ ಬಾಲ್ಡ್ರಿಕ್ಸ್ ಫೌಂಡೇಶನ್ ಇದೆ. 2000ದ ಮಾರ್ಚ್ 17ರಂದು ನ್ಯೂಯಾರ್ಕಿನ ಮ್ಯಾನ್‌ಹಟನ್‌ನ ಒಂದು ಪಬ್‌ನಲ್ಲಿ ಮರುವಿಮಾ ವ್ಯವಹಾರದ ಮೂವರು ಗೆಳೆಯರು ತಲೆ ಬೋಳಿಸಿಕೊಳ್ಳುವ ಕಾರ್ಯಕ್ರಮ ಇಟ್ಟು 17,000 ಡಾಲರ್ ಎತ್ತಲು ಹೊರಟು 1,04,000 ಎತ್ತಿದರು, ಅಲ್ಲಿಂದ ಬೆಳೆದದ್ದು. ಬೋಳಿಸಿಕೊಳ್ಳುವವರು ತಮ್ಮ ಪುಟದಲ್ಲಿ ದೇಣಿಗೆ ಎತ್ತುತ್ತಾರೆ, ಹಣವೆಲ್ಲ ಹೆಸರು, ರಶೀದಿ ಸಮೇತ ಬರುವುದರಿಂದ ಮ್ಯಾಚಿಂಗ್‌ಗೆ ಶರಬತ್ತಿಗಿಂತ ಇದೇ ಅನುಕೂಲ. ತಿರುಪತಿಗೆ ಮುಡಿ ಕೊಟ್ಟು ರೂಢಿಯಿರುವ ನಮ್ಮವರಿಗೆ ಬೋಳು ತಲೆಯ ಅಳುಕೂ ಕಡಿಮೆ. ಲೈಸೆನ್ಸ್ ಇರುವ ಕ್ಷೌರಿಕರನ್ನೇ ಕರೆಸಿ, ಬ್ಲೇಡ್ ಬೇಡ, ಮಷೀನ್ ಸಾಕು. ಪ್ರತಿ ತಲೆಗೂ ಮಷೀನಿನ ಹಲ್ಲಿಗೆ ಸೋಂಕುನಾಶಕ ಸಿಂಪಡಿಸಿ ಒಣಗಲು ಬಿಡಬೇಕು, ಅದಕ್ಕೆ ಇಬ್ಬರು ಕ್ಷೌರಿಕರಿಗೆ ನಾಲ್ಕು ಮಷೀನ್ ಇರಲಿ. ಉದ್ದ ಕೂದಲಿನವರದನ್ನು ಮೊದಲು ಜಡೆ ಕಟ್ಟಿ ಕತ್ತರಿಸಿ, ವಿಗ್ ಮಾಡುವವರಿಗೆ ಬೇರೆಯಾಗಿ ಕೊಡಬಹುದು. ಒದ್ದೆ ಕೂದಲು ಕಟ್ಟಿಟ್ಟರೆ ಬೂಸ್ಟು ಹಿಡಿಯುತ್ತದೆ.

ಕರ್ನಾಟಕದಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಬೇರೆ ಮಾತು. ಅಲೆಕ್ಸ್ ಫೌಂಡೇಶನ್‌ನ ಅನುದಾನಗಳು ಹೋಗುವುದು ಹೆಚ್ಚಾಗಿ ಅಮೆರಿಕ, ಕೆನಡಾದ ಸಂಸ್ಥೆಗಳಿಗೆ. ಇಲ್ಲಿಂದ ಹಣ ಕಳಿಸಿದರೆ ತೆರಿಗೆ ರಿಯಾಯಿತಿಯೂ ಸಿಗದು. ಇಲ್ಲಿನ ತೊಂದರೆಯ ಬೇರೂ ಬೇರೆ. ತಡವಾಗಿ ಪತ್ತೆಯಾಗುವುದು, ತಿಂಗಳುಗಟ್ಟಲೆ ನಗರದಲ್ಲಿ ಉಳಿಯಲು ಜಾಗವಿಲ್ಲದೆ ಅರ್ಧಕ್ಕೇ ಚಿಕಿತ್ಸೆ ಬಿಟ್ಟು ಊರಿಗೆ ಮರಳುವುದು, ಊಟ ಸಾಲದೆ ಕೀಮೋ ತಡೆಯಲಾಗದಿರುವುದು. ಇಲ್ಲಿಯ ಹಣ ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಆಸ್ಪತ್ರೆಗಳ ಮಕ್ಕಳ ವಿಭಾಗಕ್ಕೆ, ಮಕ್ಕಳ ಪೋಷಣೆ ನೋಡಿಕೊಳ್ಳುವ ಕಡಲ್ಸ್ ಫೌಂಡೇಶನ್‌ನಂಥವರಿಗೆ ಹೋಗುವುದು ಹೆಚ್ಚು ಸರಿ. 2006ರಲ್ಲಿ ಮುಂಬೈನಲ್ಲಿ ಶುರುವಾಗಿ ಮಕ್ಕಳಿಗೂ ಹೆತ್ತವರಿಗೂ ಉಚಿತ ವಸತಿ ಕೊಡುವ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ ಕೂಡ ಇದೆ. ಹೆಸರು ಒಂದೇ ಥರ ಕೇಳಿಸಿದರೂ ಅದು ಮೆಂಫಿಸ್ ಆಸ್ಪತ್ರೆಯ ಶಾಖೆಯಲ್ಲ. ಕೊಡುವಾಗ ಸಂಸ್ಥೆಗೆ ದೇಣಿಗೆಯ ಮೇಲೆ ತೆರಿಗೆ ಕಡಿತ ಕೊಡಿಸುವ ನೋಂದಣಿ (1961ರ ಆದಾಯ ತೆರಿಗೆ ಕಾಯಿದೆಯಲ್ಲಿ 80ಜಿ) ಇದೆಯೇ ನೋಡಿ, 2,000 ರೂಪಾಯಿ ಮೀರಿದರೆ ನಗದು ಬಿಟ್ಟು ಯುಪಿಐ ಅಥವಾ ಚೆಕ್ಕಿನಲ್ಲಿ ಕೊಡಿ, ಪ್ಯಾನ್ ಸಂಖ್ಯೆ ತಪ್ಪದೆ ಬರೆಸಿ. ವರ್ಷ ಮುಗಿದ ಮೇಲೆ ಸಂಸ್ಥೆಯಿಂದ ದೇಣಿಗೆಯ ಪ್ರಮಾಣಪತ್ರ (1961ರ ಕಾಯಿದೆಯಡಿ ಫಾರಂ 10ಬಿಇ) ಬರಬೇಕು. ಮೇ ಕೊನೆಗೂ ಬರದಿದ್ದರೆ ಕೇಳಿ ತರಿಸಿಕೊಳ್ಳಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ದೇಣಿಗೆಯ ಈ ಕಡಿತ ಸಿಗುವುದಿಲ್ಲ.